ಸೂಜಿಯ ಮೇಲೆ ನಿಂತ ಮನೆ

ನನ್ನ ಕೆಲಸ ಏನೆಂದು ಯಾರಾದರೂ ಕೇಳಿದರೆ ಊರು ಕಟ್ಟುವುದು ಎನ್ನುತ್ತೇನೆ. ಕೇಳಿದವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡುತ್ತಾರೆ. ಮರದ ತುಂಡು, ಪ್ಲಾಸ್ಟಿಕ್ ಹಾಳೆ, ಅಂಟು ಎಂದು ಬಿಡಿಸಿ ಹೇಳಿದ ಮೇಲೆ, "ಓ, ಗೊಂಬೆ ಮನೆ ಥರಾನಾ?" ಎನ್ನುತ್ತಾರೆ. ಹಾಗೆಂದವರ ಜೊತೆ ನಾನು ಮತ್ತೆ ಮಾತಾಡುವುದಿಲ್ಲ. ಊರಿನ ನಡುಭಾಗದಲ್ಲಿ ಎಂಥ ಗಗನಚುಂಬಿ ಕಟ್ಟಡ ಏಳಬೇಕಾದರೂ ಅದು ಮೊದಲು ನನ್ನ ಮೇಜಿನ ಮೇಲೆ ಮೊಣಕೈ ಎತ್ತರಕ್ಕೆ ಎದ್ದು ನಿಲ್ಲಬೇಕು. ಆಕಾಶದ ಮಾತು ಆಮೇಲೆ.

ನಮ್ಮದು ಮಾಡೆಲ್ ಮಾಡುವ ಸಣ್ಣ ಕಾರ್ಖಾನೆ. ಹಳೆಯ ಗೋದಾಮಿನ ಹಿಂಭಾಗ, ಒಂದೇ ಕಿಟಕಿ, ಎಲ್ಲೆಲ್ಲೂ ಮರದ ಪುಡಿ, ಅಂಟಿನ ಘಾಟು. ಯಜಮಾನರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಾರೆ, ಒಂದು ಕಾಲದಲ್ಲಿ ಶಾಲೆಯಲ್ಲಿ ಚಿತ್ರ ಬರೆಯುವುದನ್ನು ಕಲಿಸುತ್ತಿದ್ದರಂತೆ. ಕತ್ತರಿಸುವ ಯಂತ್ರ ನಡೆಸುವವನು ಇನ್ನೊಬ್ಬನಿದ್ದಾನೆ. ಅವನು ಯಾವುದಕ್ಕೂ ಬಾಯಿ ಬಿಡುವವನಲ್ಲ, ಈ ಕತೆಗೂ ಅವನು ಬೇಡ.

ನಮ್ಮ ಕಸುಬಿನಲ್ಲಿ ಒಂದು ಪದ್ಧತಿ ಇದೆ. ಉಳಿಯುವ ಕಟ್ಟಡವನ್ನು ಹಲಗೆಗೆ ಅಂಟಿಸುತ್ತೇವೆ. ಹೋಗಬೇಕಾದ ಕಟ್ಟಡಕ್ಕೆ ಅಂಟು ಹಾಕುವುದಿಲ್ಲ, ಹಲಗೆಯಿಂದ ಮೇಲೆದ್ದ ಒಂದು ಗುಂಡುಸೂಜಿಯ ಮೇಲೆ ಸುಮ್ಮನೆ ಕೂರಿಸುತ್ತೇವೆ. ನಗರಸಭೆಯಲ್ಲಿ ಕಂಪನಿಯವರು ಎಲ್ಲರೆದುರು ಅದನ್ನು ಎರಡು ಬೆರಳಲ್ಲಿ ಎತ್ತಿ ಪಕ್ಕಕ್ಕಿಟ್ಟು ಆ ಜಾಗದಲ್ಲಿ ಹೊಸ ಟವರ್ ಇಡುತ್ತಾರೆ. ಸದಸ್ಯರು ಕಣ್ಣಾರೆ ಕಂಡದ್ದಕ್ಕೆ ಮಾತ್ರ ಕೈ ಎತ್ತುತ್ತಾರೆ. ಮಾಡೆಲ್ ಮೇಲೆ ಇಟ್ಟು ತೋರಿಸದ ಕಟ್ಟಡಕ್ಕೆ ಮತವಿಲ್ಲ, ಮುಂದಿನ ಸಭೆಗೆ ಬರಬೇಕು. ಆ ಜಾಗದಲ್ಲಿ ಯಾರಾದರೂ ವಾಸವಿದ್ದರೆ ಅಧ್ಯಕ್ಷೆ ಅವರನ್ನು ಕೇಳಲೇಬೇಕು. ಅವರು ಎದ್ದು ನಿಂತು ಒಪ್ಪಿಗೆಯಿಲ್ಲ ಎಂದರೆ ಮತ ಅಲ್ಲಿಗೇ ನಿಲ್ಲುತ್ತದೆ. ಅದೇ ಬೀದಿಯಲ್ಲಿ ಅವರಿಗೆ ಬೇರೆ ಮನೆ ಕೊಡುವವರೆಗೆ ಕಂಪನಿ ಒಂದು ಇಟ್ಟಿಗೆಯನ್ನೂ ಮುಟ್ಟುವಂತಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಒಪ್ಪಿದ ಹಾಗೆ. ಸಾಮಾನ್ಯವಾಗಿ ಅಲ್ಲಿಗೆ ಯಾರೂ ಬಂದಿರುವುದೇ ಇಲ್ಲ.

ಇದುವರೆಗೆ ಎಷ್ಟೋ ಮನೆಗಳನ್ನು ನಾನು ಸೂಜಿಯ ಮೇಲೆ ಕೂರಿಸಿದ್ದೇನೆ. ಒಳಗೆ ಯಾರಿದ್ದರೆಂದು ಒಂದು ದಿನವೂ ಕೇಳಿರಲಿಲ್ಲ.

ನನ್ನ ಅಕ್ಕ ಬಾಡಿಗೆಗೆ ಇರುವುದು ಪೇಟೆಯ ಮೂಲೆಯ ಹಳೆಯ ಕಟ್ಟಡದಲ್ಲಿ. ಕೆಳಗೆ ಅಂಗಡಿ, ಮೇಲೆ ಮನೆ. ಪ್ಯಾಂಟಿನ ಕಾಲು ಮಡಚಿ ಹೊಲಿಯುವುದು, ಬಿಗಿಯಾದ ಸೊಂಟ ಬಿಡಿಸುವುದು, ಜಿಪ್ಪು ಬದಲಿಸುವುದು, ಇದು ಅವಳ ಅಂಗಡಿಯ ಕೆಲಸ. ಸುತ್ತಮುತ್ತಲ ಆಫೀಸುಗಳ ಹೊಟ್ಟೆಗಳೆಲ್ಲ ಅವಳಿಗೆ ಗೊತ್ತು. ಭಾವ ಮೇಲಿನ ಕೋಣೆಯಲ್ಲಿ ಮಲಗಿರುತ್ತಾರೆ. ಅವರು ಎತ್ತರದ ಕಟ್ಟಡಗಳಿಗೆ ಕಂಬ ಹಲಗೆ ಬಿಗಿದು ಸಾರವೆ ಕಟ್ಟುತ್ತಿದ್ದವರು. ಈ ಊರಿನ ಮೊದಲ ದೊಡ್ಡ ಟವರಿಗೆ ಸಾರವೆ ಕಟ್ಟಿದ್ದು ಅವರೇ, ಅಲ್ಲಿಂದಲೇ ಬಿದ್ದರು. ಅಂದಿನಿಂದ ಸೊಂಟದ ಕೆಳಗೆ ಜೀವವಿಲ್ಲ. ಹಾಗಂತ ಟವರುಗಳ ಮೇಲೆ ಅವರಿಗೆ ಕೋಪವೇನೂ ಇಲ್ಲ. ಕಿಟಕಿಯಿಂದ ಕಾಣುವ ಒಂದೊಂದಕ್ಕೂ ಹೆಸರಿಟ್ಟಿದ್ದಾರೆ. ಬಾಚಣಿಗೆ, ಸೀಸೆ, ತಲೆ ಕೆಳಗಾದ ಲೋಟ. ಹೊಸದೊಂದು ಎದ್ದಾಗ, "ಆ ಕಡೆ ಆಕಾಶ ಬಂದ್ ಆಯ್ತು ಕಣೇ," ಎಂದು ನಗುತ್ತಾರೆ. ಈಗ ಅವರ ಪಾಲಿಗೆ ಉಳಿದಿರುವುದು ರವಿಕೆಯ ಕಣದಷ್ಟು ಆಕಾಶ.

ಮಂಚದ ಪಕ್ಕ ನೆಲದಲ್ಲಿ ಒಂದು ತೂತು ಕೊರೆಸಿದ್ದಾರೆ. ಅದರೊಳಗಿಂದ ದಪ್ಪ ದಾರವೊಂದು ಅಂಗಡಿಗೆ ಇಳಿಯುತ್ತದೆ. ಅದರ ತುದಿಗೆ, ಅಕ್ಕನ ಹೊಲಿಗೆ ಯಂತ್ರದ ಪಕ್ಕದಲ್ಲೇ, ಗುಂಡಿಗಳನ್ನು ತುಂಬಿದ ತಗಡಿನ ಡಬ್ಬಿ ತೂಗುತ್ತದೆ. ಭಾವ ಒಂದು ಸಲ ಎಳೆದರೆ ನೀರು ಬೇಕು. ಎರಡು ಸಲ ಎಳೆದರೆ ಮಗ್ಗುಲು ಬದಲಿಸಬೇಕು. ಸುಮ್ಮನೆ ಗಲಗಲ ಅಲ್ಲಾಡಿಸಿದರೆ ಬೇಜಾರಾಗಿದೆ, ಬಂದು ಮಾತಾಡು ಎಂದರ್ಥ. ಡಬ್ಬಿ ಸದ್ದಾದ ತಕ್ಷಣ ಅಕ್ಕ ಗಿರಾಕಿಯ ಸೊಂಟದಲ್ಲೇ ಟೇಪು ಬಿಟ್ಟು ಮೆಟ್ಟಿಲು ಹತ್ತುತ್ತಾಳೆ. ಆ ಮನೆ ಹೋದರೆ ಅವರಿಗೆ ಸಿಗುವುದು ಊರಾಚೆಯ ಒಂದು ಕೋಣೆ. ಅಲ್ಲಿ ಪ್ಯಾಂಟು ಮಡಚಿಸುವವರಿಲ್ಲ. ಪೇಟೆಗೆ ಬಂದು ಹೊಲಿದರೆ ಭಾವನ ಮಗ್ಗುಲು ಬದಲಿಸುವವರಿಲ್ಲ. ಅಷ್ಟುದ್ದದ ದಾರ ಎಲ್ಲೂ ಸಿಗುವುದಿಲ್ಲ.

ಆ ಮೂಲೆಯ ಸುತ್ತ ಟವರುಗಳ ದೊಡ್ಡ ಯೋಜನೆಯೊಂದರ ಮಾಡೆಲ್ ನಮಗೇ ಬಂತು. ಮೊದಲ ನಕ್ಷೆಯಲ್ಲಿ ಅಕ್ಕನ ಕಟ್ಟಡ ಉಳಿಯುವ ಸಾಲಿನಲ್ಲಿತ್ತು. ನಾನು ಕುಣಿದಾಡಿಬಿಟ್ಟೆ. ಅಂದೇ ಅಂಗಡಿಗೆ ಓಡಿ, "ಅಕ್ಕಾ, ನಿನ್ನ ಮನೆಗೆ ಏನೂ ಆಗಲ್ಲ, ನಾನೇ ಅಂಟು ಹಾಕ್ತೀನಿ," ಎಂದೆ. ಹೊಸ ಟವರುಗಳಲ್ಲಿ ಎಷ್ಟು ಸಾವಿರ ಜನ ಕೆಲಸಕ್ಕೆ ಬರುತ್ತಾರೆ, ಅದರಲ್ಲಿ ಎಷ್ಟು ಜನಕ್ಕೆ ಕೂತು ಕೂತು ಹೊಟ್ಟೆ ಬರುತ್ತದೆ ಎಂದು ಇಬ್ಬರೂ ಲೆಕ್ಕ ಹಾಕಿ ನಕ್ಕೆವು. ಮೇಲಿಂದ ಡಬ್ಬಿ ಗಲಗಲ ಎಂದಿತು. ನಗು ಕೇಳಿಸಿ ಭಾವನಿಗೂ ಪಾಲು ಬೇಕಾಗಿತ್ತು.

ಸಭೆಗೆ ಎರಡು ವಾರವಿದೆ ಎನ್ನುವಾಗ ಕಂಪನಿಯವನು ಹೊಸ ನಕ್ಷೆ ಹಿಡಿದು ಬಂದ. ಅವನ ಅಂಗಿಯ ಮೇಲೆ ಒಂದು ಸುಕ್ಕನ್ನೂ ಯಾರೂ ಕಂಡಿಲ್ಲ. ಹಾಗಾಗಿ ಅಂಗಡಿಗೆ ಬಂದುಹೋಗುತ್ತಿದ್ದ ಅವನಿಗೆ ಅಕ್ಕ ಇಸ್ತ್ರಿ ಎಂದು ಹೆಸರಿಟ್ಟಿದ್ದಳು. ಇಸ್ತ್ರಿ ಮೇಜಿನ ಮೇಲೆ ನಕ್ಷೆ ಹಾಸಿ, ಮೂಲೆಯ ಮೇಲೆ ಬೆರಳಿಟ್ಟ.

"ಇಲ್ಲೊಂದು ಟವರ್ ಜಾಸ್ತಿ ಆಗಿದೆ ಮೇಷ್ಟ್ರೇ. ಎಲ್ಲಕ್ಕಿಂತ ಎತ್ತರದ್ದು. ಪೂರ್ತಿ ಪಾರದರ್ಶಕ ಇರ್ಲಿ, ಬೆಳಕು ಬಿಟ್ರೆ ಹೊಳೀಬೇಕು. ಈ ಹಳೇದಕ್ಕೆ ಅಂಟು ಬೇಡ, ಸೂಜಿ ಸಾಕು."

ಅವನ ಬೆರಳ ಕೆಳಗಿದ್ದದ್ದು ಅಕ್ಕನ ಮನೆ. "ಅಲ್ಲಿ ಜನ ಇದ್ದಾರೆ," ಎಂದೆ.

"ಮಾಲೀಕರು ನಮಗೆ ಮಾರಿ ಆಯ್ತು. ಬಾಡಿಗೆಗೆ ಇದ್ದವರೆಲ್ಲ ಖಾಲಿ ಮಾಡಿದ್ದಾರೆ. ಕೆಳಗೊಬ್ಬರು ಟೈಲರಮ್ಮ ಇದ್ದಾರಷ್ಟೆ. ಅವರ ಹತ್ರ ನಾನು ಮಾತಾಡಿದ್ದೀನಿ, ಪಾಪ, ಒಳ್ಳೆಯವರು."

ಅವನು ಹೋದ ಮೇಲೆ ಮೇಷ್ಟ್ರು ನನ್ನ ಮುಖ ನೋಡಲಿಲ್ಲ. ಉಪ್ಪುಕಾಗದದಿಂದ ಯಾವುದೋ ತುಂಡನ್ನು ತಿಕ್ಕುತ್ತಾ, "ಕೆಲಸ ಕಣಮ್ಮ," ಎಂದರು. ಅದು ಅವರಿಗೂ ಕಷ್ಟವಾಗಿತ್ತು, ನನಗೆ ಗೊತ್ತು. ಆದರೂ ಆ ಕ್ಷಣ ಅವರ ಮೇಲೆ ಕೆಂಡದಂಥ ಸಿಟ್ಟು ಬಂತು.

ಸಂಜೆ ಅಂಗಡಿಗೆ ಹೋಗಿ ಅಕ್ಕನಿಗೆ ಎಲ್ಲವನ್ನೂ ಹೇಳಿದೆ. ಅವಳು ಹೊಲಿಗೆ ನಿಲ್ಲಿಸಲಿಲ್ಲ.

"ಹೋದ ಸಲ ಬಂದು ಇರುತ್ತೆ ಅಂದೆ. ಈಗ ಹೋಗುತ್ತೆ ಅಂತೀಯ. ಯಾವ್ದನ್ನ ನಂಬ್ಲಿ ಪುಟ್ಟಿ?"

ನನಗೆ ತಲೆಗೂದಲು ಅರ್ಧ ಬೆಳ್ಳಗಾಗಿದೆ, ಅವಳಿಗೆ ಮಾತ್ರ ನಾನಿನ್ನೂ ಪುಟ್ಟಿ.

"ನಕ್ಷೆ ಬದಲಾಗಿದೆ ಅಕ್ಕ. ನನ್ನ ಕಣ್ಣಿಂದ ನೋಡಿದೀನಿ."

"ಆ ಇಸ್ತ್ರಿ ಹುಡುಗ ಮೊನ್ನೆ ಬಂದು ಇಲ್ಲೇ ಕೂತು ಹೋದ. ಹಳೇದನ್ನ ಉಳಿಸ್ಕೊಂಡೇ ಹೊಸದು ಕಟ್ತೀವಿ ಅಮ್ಮ, ನೀವೇನೂ ಯೋಚ್ನೆ ಮಾಡ್ಬೇಡಿ ಅಂದ. ತೋಳಿನ ಗುಂಡಿ ಸಡ್ಲ ಆಗಿತ್ತು, ಹಾಕ್ಕೊಟ್ಟೆ."

"ಸುಳ್ಳು ಹೇಳಿದಾನೆ!"

"ಯಾಕೆ ಸುಳ್ಳು? ದೊಡ್ಡ ಬ್ಯಾಂಕ್ ಕಟ್ಟಡದಲ್ಲಿ ಹಳೇ ಗಡಿಯಾರದ ಕಂಬಾನ ಒಳಗೇ ಇಟ್ಕೊಂಡು ಸುತ್ತ ಗಾಜು ಕಟ್ಟಿಲ್ವಾ? ಯೂನಿಫಾರಂ ಕೊಡಕ್ಕೆ ಹೋದಾಗ ನಾನೇ ನೋಡಿದೀನಿ. ಜನ ಅದರ ಮುಂದೆ ನಿಂತು ಫೋಟೋ ತೆಗೆಸ್ಕೊತಾರೆ."

"ಅದು ಕಂಬ ಅಕ್ಕ. ಇದು ಮನೆ."

"ಕಂಬಕ್ಕೇ ಅಷ್ಟು ಮರ್ಯಾದೆ ಕೊಟ್ಟವ್ರು ಮನುಷ್ಯರು ಇರೋ ಮನೆಗೆ ಕೊಡಲ್ವಾ?"

ನನ್ನಕ್ಕ ದಡ್ಡಿಯಲ್ಲ. ನಂಬದೆ ಇದ್ದರೆ ಅವಳಿಗೆ ಬದುಕಲು ಬೇರೆ ದಾರಿಯಿರಲಿಲ್ಲ, ಅದಕ್ಕೇ ನಂಬಿದ್ದಳು. ಸಭೆಗೆ ಬಂದು ಒಪ್ಪಿಗೆಯಿಲ್ಲ ಎಂಬ ಒಂದೇ ಮಾತು ಹೇಳು, ಅಷ್ಟು ಸಾಕು ಎಂದು ಕೈ ಹಿಡಿದು ಬೇಡಿಕೊಂಡೆ. ಅವಳು ಕೈ ಬಿಡಿಸಿಕೊಂಡಳು.

"ಅಷ್ಟು ಜನರ ಮುಂದೆ ನಾನಾ? ಗಿರಾಕಿ ಹತ್ರ ಜಾಸ್ತಿ ಕೂಲಿ ಕೇಳಕ್ಕೇ ನನ್ನ ನಾಲಿಗೆ ಏಳಲ್ಲ. ಅಲ್ದೆ ನಿನ್ನ ಭಾವನ್ನ ಬಿಟ್ಟು ಹೇಗೆ ಬರ್ಲಿ? ನೀನು ಚಿಕ್ಕೋಳಿದ್ದಾಗಿಂದ್ಲೂ ಹೆದರುಪುಕ್ಕಲಿ. ಮೋಡ ಬಂದ್ರೆ ಮನೆ ತೇಲಿಹೋಗುತ್ತೆ ಅಂತಿದ್ದೆ."

ಆಮೇಲೂ ಹೋದೆ. ದಿನ ಬಿಟ್ಟು ದಿನ ಹೋದೆ. ಅತ್ತು ಕರೆದೆ, ಬೈದೆ, ಒಂದು ದಿನ ಮಾತು ಬಿಟ್ಟೆ. ಅವಳು ಯಾವುದನ್ನೂ ಕಿವಿ ಮೇಲೆ ಹಾಕಿಕೊಳ್ಳಲಿಲ್ಲ. ಭಾವನಿಗೆ ಮಾತ್ರ ಹೇಳಬೇಡ, ಅವರಿಗೆ ನಿದ್ದೆ ಬರಲ್ಲ ಎಂದು ಆಣೆ ಹಾಕಿಸಿಕೊಂಡಳು. ನಾನು ಆಣೆಗೆ ಕಟ್ಟುಬಿದ್ದೆ.

ಅತ್ತ ನನ್ನ ಮೇಜಿನ ಮೇಲೆ ಟವರ್ ಏಳುತ್ತಿತ್ತು. ಅದನ್ನು ಮಾಡಿದ್ದು ನಾನೇ, ಬೇರೆ ಯಾರು? ಪಾರದರ್ಶಕ ಹಾಳೆಗಳನ್ನು ಅಳೆದು, ಕತ್ತರಿಸಿ, ಅಂಚಿಗೆ ಅಂಚು ಕೂಡಿಸಿದೆ. ಒಳಗೆ ಟೊಳ್ಳು, ಅಡಿ ತೆರೆದೇ ಇರುತ್ತದೆ. ಇಂಥವನ್ನೆಲ್ಲ ನಾವು ಹಾಗೇ ಮಾಡುವುದು, ಗಟ್ಟಿ ಮಾಡಿದರೆ ಭಾರಕ್ಕೆ ಹಲಗೆ ಬಾಗುತ್ತದೆ. ಕೆಲಸ ಮುಗಿದಾಗ ಅದು ಚೆನ್ನಾಗಿತ್ತು. ಕೈಯಿಂದ ಹೊರಬಂದದ್ದು ಚೆನ್ನಾಗಿದೆ ಎಂದು ಅನಿಸಿದ್ದಕ್ಕೆ ನನ್ನ ಮೇಲೇ ಹೇಸಿಗೆಯಾಯಿತು. ಅದರ ಪಕ್ಕದಲ್ಲಿ ಅಕ್ಕನ ಮನೆ ನನ್ನ ಹೆಬ್ಬೆರಳ ಉಗುರಿನಷ್ಟಿತ್ತು. ಬಾಗಿಲ ಮೇಲಿನ ಮುಂಚಾಚು, ಭಾವನ ಕಿಟಕಿ, ಎಲ್ಲವನ್ನೂ ಕೊರೆದಿದ್ದೆ. ಮೇಷ್ಟ್ರು ನೋಡಿ, "ಇಷ್ಟು ಸಣ್ಣದಕ್ಕೆ ಇಷ್ಟು ಕುಸುರಿ ಯಾಕಮ್ಮ?" ಎಂದು ಕೇಳಿ, ಉತ್ತರ ತಾವೇ ತಿಳಿದುಕೊಂಡು ತಮ್ಮ ಮೇಜಿಗೆ ಮರಳಿದರು.

ಸಭೆಯ ಹಿಂದಿನ ಸಂಜೆ ಮೇಷ್ಟ್ರು ಗಾಡಿ ಗೊತ್ತುಮಾಡಲು ಹೊರಗೆ ಹೋದರು. ಒಬ್ಬಳೇ ಇದ್ದೆ. ಇಕ್ಕಳದಲ್ಲಿ ಹಿಡಿದು ಗುಂಡುಸೂಜಿಯನ್ನು ಹಲಗೆಯಿಂದ ಕಿತ್ತೆ. ಕಪಾಟಿನಿಂದ ಕಪ್ಪು ಸೀಸೆಯ ಅಂಟು ತೆಗೆದೆ. ಅದು ಹಿಡಿಯಿತೆಂದರೆ ಹಲಗೆ ಕಿತ್ತು ಬರಬೇಕು, ಅಂಟು ಬಿಡುವುದಿಲ್ಲ. ಅಕ್ಕನ ಮನೆಯ ಅಡಿಗೆ ಅದನ್ನು ಬಳಿದು, ಜಾಗಕ್ಕೆ ಕೂರಿಸಿ, ಉಸಿರು ಬಿಗಿಹಿಡಿದು ಒತ್ತಿದೆ. ನನ್ನ ಲೆಕ್ಕ ಇಷ್ಟೇ. ನಾಳೆ ಇಸ್ತ್ರಿ ಎಳೆಯುತ್ತಾನೆ, ಅದು ಬರುವುದಿಲ್ಲ. ಹಳೆಯದು ಹೋಗದೆ ಹೊಸದನ್ನು ಇಡುವುದೆಲ್ಲಿ? ಇಟ್ಟು ತೋರಿಸದಿದ್ದರೆ ಮತವಿಲ್ಲ. ಮುಂದಿನ ಸಭೆಯವರೆಗೆ ಸಮಯ ಸಿಗುತ್ತದೆ. ಅಷ್ಟರಲ್ಲಿ ಅಕ್ಕನನ್ನು ಎಳೆದುಕೊಂಡಾದರೂ ಬರುತ್ತೇನೆ.

ಸಿಕ್ಕಿಬಿದ್ದರೆ ನನ್ನ ಕೆಲಸ ಹೋಗುತ್ತದೆ, ಮೇಷ್ಟ್ರ ಹೆಸರು ಮಣ್ಣುಪಾಲಾಗುತ್ತದೆ ಎಂದೂ ಗೊತ್ತಿತ್ತು. ಗೊತ್ತಿದ್ದೂ ಒತ್ತಿ ಹಿಡಿದೆ. ಬೆರಳ ತುದಿಯ ಚರ್ಮ ಸ್ವಲ್ಪ ಅಲ್ಲೇ ಅಂಟಿ ಉಳಿಯಿತು.

ನಗರಸಭೆಯ ದೊಡ್ಡ ಕೋಣೆ ಮಧ್ಯಾಹ್ನಕ್ಕೇ ತುಂಬಿತ್ತು. ಬಂದವರಲ್ಲಿ ಹೆಚ್ಚಿನವರು ಕಂಪನಿಯ ಕಡೆಯವರು, ಇನ್ನುಳಿದವರು ಫ್ಯಾನಿನ ಕೆಳಗೆ ಕೂರಲು ಬಂದವರು. ನಡುವಿನ ಮೇಜಿನ ಮೇಲೆ ನಮ್ಮ ಮಾಡೆಲ್, ಅದಕ್ಕೆ ಮೇಲಿನಿಂದ ಬೆಳಕು. ಹಿಂದಿದ್ದವರಿಗೂ ಕಾಣಲೆಂದು ಕ್ಯಾಮರಾದವರು ಅದನ್ನು ಪಕ್ಕದ ಗೋಡೆಯ ಮೇಲೆ ದೊಡ್ಡದಾಗಿ ಬಿಟ್ಟಿದ್ದರು. ಮಾಡೆಲ್‌ಗೆ ಏನಾದರೂ ಆದರೆ ಸರಿಪಡಿಸಲು ನಾನು, ಮೇಷ್ಟ್ರು ಮೇಜಿನ ಪಕ್ಕದಲ್ಲೇ ನಿಂತಿರಬೇಕು, ಅದು ವಾಡಿಕೆ. ನನ್ನ ಚೀಲದಲ್ಲಿ ಬ್ಲೇಡು, ಚಿಮಟ, ಇಕ್ಕಳ ಇದ್ದವು.

ಇಸ್ತ್ರಿ ಮಾತಿಗೆ ನಿಂತ. ಊರಿನ ಮುಖವೇ ಬದಲಾಗುತ್ತದೆ ಎಂದ. ದೂರದ ಸೇತುವೆ ಮೇಲಿಂದ ನೋಡಿದರೆ ಹೇಗೆ ಕಾಣುತ್ತದೆ ಎಂದು ಗೋಡೆಯ ಮೇಲೆ ಚಿತ್ರ ಬಿಟ್ಟು ತೋರಿಸಿದ. ಒಂದೊಂದೇ ಹಳೆಯ ಕಟ್ಟಡ ಎತ್ತಿದ, ಒಂದೊಂದೇ ಟವರ್ ಇಟ್ಟ. ಸೂಜಿಯಿಂದ ಅವು ಎಷ್ಟು ಹಗುರವಾಗಿ ಬರುತ್ತವೆ ಎಂದು ನನಗೆ ಗೊತ್ತು, ಅಷ್ಟೇ ಹಗುರವಾಗಿ ಬಂದವು. ಅಧ್ಯಕ್ಷೆ ಪ್ರತಿ ಸಲವೂ, "ಅಲ್ಲಿ ವಾಸ ಇರೋರು ಯಾರಾದ್ರೂ ಬಂದಿದ್ದೀರಾ?" ಎಂದು ಕೇಳಿದರು. ಯಾರೂ ಇರಲಿಲ್ಲ. ಕೈಗಳು ಎದ್ದವು, ಇಳಿದವು.

ಮೂಲೆ ಒಂದೇ ಉಳಿದಿತ್ತು. ಆಗ ಹಿಂದಿನ ಬಾಗಿಲು ತೆರೆಯಿತು.

ಅಕ್ಕ ಬಂದಿದ್ದಳು. ಮದುವೆಮನೆಗೆ ಹೋಗುವಾಗ ಉಡುವ ಬಟ್ಟೆ ಉಟ್ಟಿದ್ದಳು. ಬಾಗಿಲ ಬಳಿಯೇ ನಿಂತು ಮುಂಗಾಲಿನ ಮೇಲೆ ಎದ್ದು ನನ್ನನ್ನು ಹುಡುಕಿದಳು, ಕಂಡ ಕೂಡಲೇ ಕೈ ಬೀಸಿದಳು. ಆಮೇಲೆ ಎದೆ ಮೇಲೆ ಕೈಯಿಟ್ಟುಕೊಂಡು ತಲೆ ಆಡಿಸಿದಳು. ಅದರ ಅರ್ಥ ನನಗೆ ಆಯಿತು. ಪುಟ್ಟಿ, ನಿನ್ನ ಮಾತು ಎದೆಯಲ್ಲಿ ಕೊರೀತಿತ್ತು, ತಡೆಯಕ್ಕಾಗ್ಲಿಲ್ಲ, ಕಣ್ಣಾರೆ ನೋಡೇಬಿಡ್ತೀನಿ ಅಂತ ಬಂದೆ. ಅವರು ನನ್ನ ಮನೆ ಎತ್ತಿದ್ರೆ ನಾನು ಬಾಯಿ ಬಿಡ್ತೀನಿ.

ನಾಲಿಗೆ ಏಳದ ನನ್ನಕ್ಕ ಗಂಡನನ್ನು ಬಿಟ್ಟು, ಅಂಗಡಿ ಮುಚ್ಚಿ, ಅಷ್ಟು ಜನರ ಮುಂದೆ ಕೂಗಲೆಂದೇ ಬಂದಿದ್ದಳು. ಇಸ್ತ್ರಿ ಆ ಮನೆಯನ್ನು ಎರಡು ಬೆರಳಲ್ಲಿ ಎತ್ತಿದ್ದರೆ ಸಾಕಿತ್ತು. ಅದನ್ನು ಎತ್ತಲಾಗದ ಹಾಗೆ ಮಾಡಿದವಳು ನಾನು.

ಅವಳ ಹತ್ತಿರ ಓಡಬೇಕೆಂದರೆ ನಡುವೆ ಕುರ್ಚಿಗಳು, ಮೊಣಕಾಲುಗಳು, ಕ್ಯಾಮರಾದವರು. ಬೇಡ ಅನ್ನು ಎಂದು ಕೈಸನ್ನೆ ಮಾಡಿದೆ. ನಾನು ಅಲ್ಲೇ ನಿಲ್ಲು ಎನ್ನುತ್ತಿದ್ದೇನೆಂದು ತಿಳಿದು ಅವಳು ಅಲ್ಲೇ ನಿಂತಳು.

ಇಸ್ತ್ರಿ ಅಕ್ಕನ ಮನೆಗೆ ಬೆರಳು ಹಾಕಿದ. ಬರಲಿಲ್ಲ. ನಕ್ಕು ಮತ್ತೆ ಎಳೆದ. ಬರಲಿಲ್ಲ. ಇಡೀ ಹಲಗೆ ಅಲುಗಾಡಿ ಬಾಚಣಿಗೆ, ಸೀಸೆ ಎಲ್ಲ ನಡುಗಿದವು.

"ಈ ಮನೆಗೆ ಜಾಗ ಬಿಟ್ಟು ಹೋಗಕ್ಕೆ ಇಷ್ಟ ಇಲ್ಲ ಅಂತ ಕಾಣುತ್ತೆ," ಎಂದು ಯಾರೋ ಸದಸ್ಯರು ಹೇಳಿದರು. ಸಭೆಯೆಲ್ಲ ನಕ್ಕಿತು. ಹಿಂದೆ ಅಕ್ಕನೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

ಮೇಷ್ಟ್ರು ನನ್ನತ್ತ ತಿರುಗಿದರು. ಒಂದೇ ನೋಟಕ್ಕೆ ಅವರಿಗೆ ಎಲ್ಲ ತಿಳಿಯಿತು.

"ನಾನು ಕೀಳ್ತೀನಿ! ನಾನು ತೆಗೀತೀನಿ!" ಎನ್ನುತ್ತಾ ಚೀಲದಿಂದ ಬ್ಲೇಡು ತೆಗೆದು ಮೇಜಿನ ಮೇಲೆ ಬಗ್ಗಿದೆ. ಎರಡು ವಾರ ಯಾವ ಮನೆ ಉಳಿಯಲಿ ಎಂದು ಅತ್ತಿದ್ದೆನೋ ಅದರ ಅಡಿಗೇ ಬ್ಲೇಡು ತೂರಿಸಿ ಒತ್ತಿದೆ. ಬ್ಲೇಡು ಮುರಿಯಿತು. ಇಕ್ಕಳ ಹಾಕಿದೆ, ಬಾಗಿಲ ಮುಂಚಾಚು ಚೂರಾಗಿ ಉದುರಿತು. ಮನೆ ಅಲುಗಲಿಲ್ಲ. ನನ್ನ ಅಂಟು ನನಗೆ ಗೊತ್ತಿತ್ತು. ಆದರೂ ಬಾ, ಬಾರೇ, ಒಂದು ಸಲ ಬಾ ಎಂದು ಒಳಗೊಳಗೇ ಅದನ್ನು ಬೇಡಿಕೊಂಡೆ.

"ಏನಾಗ್ತಿದೆ ಅಲ್ಲಿ?" ಎಂದರು ಅಧ್ಯಕ್ಷೆ. "ಆಗಲ್ಲ ಅಂದ್ರೆ ಮುಂದಿನ ಸಭೆಗೆ ತನ್ನಿ."

ಆ ಮಾತು ಕೇಳಿ ಜೀವ ಬಂದಂತಾಯಿತು. ಅಷ್ಟಕ್ಕಾಗಿಯೇ ಅಲ್ಲವೇ ಅಂಟು ಹಾಕಿದ್ದು? ಇಕ್ಕಳ ಕೆಳಗಿಟ್ಟು, "ಆಗಲ್ಲ ಮೇಡಂ, ಮುಂದಿನ ಸಭೆಗೇ..." ಎಂದು ಹೇಳುತ್ತಿದ್ದೆ.

"ಪರವಾಗಿಲ್ಲ ಬಿಡಿ ಅಮ್ಮ," ಎಂದು ಇಸ್ತ್ರಿ ನನ್ನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ. ಪೆಟ್ಟಿಗೆಯಿಂದ ಟವರ್ ಎತ್ತಿಕೊಂಡ. ಅಡುಗೆಮನೆಯಲ್ಲಿ ತಟ್ಟೆಯ ಮೇಲೆ ಮುಚ್ಚಳ ಕವುಚುವ ಹಾಗೆ ಅದನ್ನು ಅಕ್ಕನ ಮನೆಯ ಮೇಲೆ ಇಳಿಸಿದ. ಟೊಳ್ಳು ಟವರ್, ಅದಕ್ಕೆಂದು ಮನೆಯ ಸುತ್ತ ಹಲಗೆಯಲ್ಲಿ ಕೊರೆದಿದ್ದ ಗೀರಿನಲ್ಲಿ ಟಕ್ಕೆಂದು ಕೂತಿತು.

ನನ್ನ ತಲೆಗೆ ಅದು ಹೊಳೆದೇ ಇರಲಿಲ್ಲ. ಇಷ್ಟು ವರ್ಷ ಕಟ್ಟುವವರ ಹಾಗೆ ಯೋಚಿಸಿ ಯೋಚಿಸಿ, ನಿಂತಿದ್ದು ಹೋಗದೆ ಹೊಸದು ಬರಲಾರದು ಎಂದೇ ತಿಳಿದಿದ್ದೆ. ಮನೆ ಇದ್ದ ಹಾಗೇ ಅದರ ಮೇಲೆ ಟವರ್ ಇಡಬಹುದೆಂದು ನಮ್ಮ ಕಸುಬಿನವರು ಯಾರೂ ಯೋಚಿಸುವುದಿಲ್ಲ. ಇಸ್ತ್ರಿಗೆ ಕಸುಬು ಗೊತ್ತಿರಲಿಲ್ಲ, ಅವನಿಗೆ ಅದು ನೀರು ಕುಡಿದಷ್ಟು ಸಲೀಸಾಯಿತು.

ಮೇಲಿನ ಬೆಳಕು ಟವರಿನೊಳಗೆ ಇಳಿದು ಎಲ್ಲವೂ ಫಳಫಳ ಹೊಳೆಯಿತು. ಅದರ ತಳದಲ್ಲಿ ಅಕ್ಕನ ಮನೆ ಬೆಳಗುತ್ತಾ ಕೂತಿತ್ತು. ಗೋಡೆಯ ಮೇಲಿನ ಚಿತ್ರದಲ್ಲಿ ಭಾವನ ಕಿಟಕಿ ಕೂಡ ಕಾಣುತ್ತಿತ್ತು. ಜನ ಚಪ್ಪಾಳೆ ತಟ್ಟಿದರು.

"ಇಟ್ಟು ತೋರಿಸಿದ್ದಾರಲ್ಲ, ಸಾಕು," ಎಂದರು ಅಧ್ಯಕ್ಷೆ. "ಮೂಲೆ ಕಟ್ಟಡದಲ್ಲಿ ವಾಸ ಇರೋರು ಯಾರಾದ್ರೂ ಬಂದಿದ್ದೀರಾ?"

"ನಾನು," ಎಂದು ಹಿಂದಿನಿಂದ ಒಂದು ಸಣ್ಣ ದನಿ ಕೇಳಿತು.

ಎಲ್ಲ ತಲೆಗಳೂ ತಿರುಗಿದವು. ಅಕ್ಕ ಕೈ ಎತ್ತಿ ನಿಂತಿದ್ದಳು. ಮುಖ ಬೆವತಿತ್ತು, ಆದರೂ ಎಂದೂ ಕಾಣದ ಕಳೆಯಿತ್ತು.

"ನಿಮ್ಮ ಒಪ್ಪಿಗೆ ಇದೆಯಾ ಅಮ್ಮ?"

"ಅಕ್ಕಾ, ಬೇಡ ಅನ್ನು! ಬೇಡ ಅನ್ನು!" ನಾನು ಗಂಟಲು ಹರಿಯುವಂತೆ ಕೂಗಿದೆ.

ಅಧ್ಯಕ್ಷೆ ಕನ್ನಡಕದ ಮೇಲಿಂದ ನೋಡಿದರು. "ನೀವು ಯಾರು? ಅಲ್ಲಿ ವಾಸ ಇದ್ದೀರಾ?"

"ಇಲ್ಲ. ಮಾಡೆಲ್ ಮಾಡಿದವಳು. ಮೇಡಂ, ಅದು..."

"ಹಾಗಾದ್ರೆ ಸುಮ್ನಿರಿ. ಅವರು ಹೇಳಲಿ."

ಅಂಟು ಹಾಕಿದ್ದು ನಾನು, ಅದು ಹೋಗುವ ಮನೆ ಎನ್ನಲು ಬಾಯಿ ತೆರೆದೆ. ಮೇಷ್ಟ್ರು ನನ್ನ ತೋಳು ಹಿಡಿದುಕೊಂಡರು. ಅವರ ಹೆಸರು ಮಣ್ಣುಪಾಲಾಗುತ್ತದೆಂಬ ಯೋಚನೆ ನನ್ನ ಬಾಯಿ ಕಟ್ಟಿಹಾಕಿತು, ಎರಡು ಉಸಿರಿನಷ್ಟು ಹೊತ್ತು. ಅಷ್ಟೇ ಸಾಕಾಯಿತು.

"ಅವಳು ನನ್ನ ತಂಗಿ," ಎಂದಳು ಅಕ್ಕ, ಎಲ್ಲರಿಗೂ ಕೇಳುವಂತೆ. "ಹೆದರಿಕೊಳ್ಳೋ ಸ್ವಭಾವ, ಬೇಜಾರು ಮಾಡ್ಕೋಬೇಡಿ. ಮನೆ ತೆಗೆದ್ರೆ ಬೇಡ ಅನ್ನೋಣ ಅಂತಾನೇ ನಾನೂ ಬಂದಿದ್ದೆ. ಈಗ ಕಣ್ಣಾರೆ ನೋಡಿದೆ. ಒಳಗೇ ಇಟ್ಕೊಂಡಿದ್ದೀರಿ. ನನ್ನ ಒಪ್ಪಿಗೆ ಇದೆ."

ಇಸ್ತ್ರಿ ಅವಳ ಕಡೆ ತಿರುಗಿ ಕೈ ಮುಗಿದ. ತೋಳಿನ ಗುಂಡಿ ಗಟ್ಟಿಯಾಗಿ ಕೂತಿತ್ತು. ಅಧ್ಯಕ್ಷೆ ಸಂತೋಷ ಎಂದರು. ಕೈಗಳೆಲ್ಲ ಒಟ್ಟಿಗೆ ಎದ್ದವು. ನಾನು ಮೇಷ್ಟ್ರ ಕೈ ಕೊಡವಿ, "ತಪ್ಪು, ತಪ್ಪು," ಎಂದು ಕೂಗಿದಾಗ ಗುಮಾಸ್ತ ಮುಂದಿನ ವಿಷಯ ಓದಲು ಶುರುಮಾಡಿದ್ದ. ಬಾಗಿಲ ಕಾವಲಿನವರು ಬಂದು ನನ್ನನ್ನು ಹೊರಗೆ ಕರೆದುಕೊಂಡು ಹೋದರು. ನನ್ನ ಹಿಂದೆಯೇ ಅಕ್ಕನೂ ಹೊರಗೆ ಬಂದಳು.

ಹೊರಗಿನ ಮೆಟ್ಟಿಲ ಮೇಲೆ ಅವಳು ನನ್ನನ್ನು ತಬ್ಬಿಕೊಂಡಳು.

"ಹುಚ್ಚಿ, ಅಷ್ಟು ಜನರ ಮುಂದೆ ಹಾಗಾ ಕೂಗೋದು? ನಾನು ಮಾತಾಡಿದ್ದು ಕೇಳಿದ್ಯಾ? ನಾಲಿಗೆ ತಡವರಿಸ್ಲೇ ಇಲ್ಲ ನೋಡು. ಆ ಮನೆಗೆ ಅಂಟು ಹಾಕಿದ್ದು ನೀನೇ ತಾನೇ?"

ನಾನು ತಲೆಯಾಡಿಸಿದೆ.

"ಗೊತ್ತಾಯ್ತು ನಂಗೆ. ಅವನು ಎಳೆದೇ ಎಳೆದ, ಬರ್ಲಿಲ್ಲ. ನನ್ನ ತಂಗಿ ಕೈ ಗಟ್ಟಿ ಅಂದ್ಕೊಂಡೆ." ನನ್ನ ಬೆರಳ ತುದಿಯ ಗಾಯ ಕಂಡು ತನ್ನ ಸೆರಗಿನಿಂದ ಒತ್ತಿ ಹಿಡಿದಳು.

ದಾರಿಯುದ್ದಕ್ಕೂ ಹೇಳಬೇಕೆಂದು ಬಾಯಿ ತೆರೆದೆ. ಪ್ರತಿ ಸಲವೂ ಅವಳದ್ದೇ ಮಾತು ಮುಂದಾಯಿತು. ಗಾಜಿನೊಳಗೆ ಇದ್ದರೆ ಧೂಳು ಬರುವುದಿಲ್ಲ, ಬಟ್ಟೆ ಕೊಳೆಯಾಗುವುದಿಲ್ಲ. ಮಳೆಗಾಲದಲ್ಲಿ ಗೋಡೆ ಸೋರುವುದಿಲ್ಲ. ಆದರೆ ಗಾಳಿ? "ಒಳಗಿಂದ ಒಂದು ಕಿಟಕಿ ತೆಗೆಯೋ ಹಾಗೆ ಇಡ್ತಾರಾ ಕೇಳು ಪುಟ್ಟಿ. ನಿನ್ನ ಭಾವನಿಗೆ ಗಾಳಿ ಇಲ್ದಿದ್ರೆ ಆಗಲ್ಲ." ರಸ್ತೆಯ ತುದಿಯಲ್ಲಿ ಕ್ರೇನುಗಳು ಸಂಜೆ ಬಿಸಿಲಿನಲ್ಲಿ ನಿಂತಿದ್ದವು. ನಾನು ಅವಳ ಕೈ ಹಿಡಿದುಕೊಂಡು ನಡೆದೆ. ಅವಳ ಖುಷಿಯನ್ನು ಮನೆ ಬರುವವರೆಗಾದರೂ ಇಟ್ಟುಕೊಳ್ಳಲಿ ಎಂದುಕೊಂಡೆನೋ, ಹೇಳುವ ಧೈರ್ಯವಿರಲಿಲ್ಲವೋ, ಈಗಲೂ ನನಗೆ ಗೊತ್ತಿಲ್ಲ.

ಅಂಗಡಿ ಬಾಗಿಲು ತೆಗೆಯುತ್ತಿದ್ದಂತೆಯೇ ಡಬ್ಬಿ ಜೋರಾಗಿ ಗಲಗಲ ಎನ್ನತೊಡಗಿತು. ಎಷ್ಟು ಹೊತ್ತಿನಿಂದ ಎಳೆಯುತ್ತಿದ್ದರೋ. ಅಕ್ಕ ಎರಡೆರಡು ಮೆಟ್ಟಿಲು ಹಾರಿಕೊಂಡು ಹತ್ತಿದಳು, ಹಿಂದೆ ನಾನು.

"ಉಳೀತು!" ಎಂದಳು ಬಾಗಿಲಲ್ಲೇ. ಏದುಸಿರು ಬಿಡುತ್ತಾ ಎಲ್ಲವನ್ನೂ ಹೇಳಿದಳು. ಅವನು ಎಳೆದದ್ದು, ಬರದಿದ್ದದ್ದು, ಟವರ್ ಮೇಲಿಂದ ಇಳಿದದ್ದು, ಒಳಗೆ ಈ ಕಿಟಕಿ ಕಂಡದ್ದು, ತಾನು ಎದ್ದು ನಿಂತು ಮಾತಾಡಿದ್ದು. ಕೈಯಲ್ಲಿ ಟವರಿನ ಎತ್ತರ ತೋರಿಸಲು ಹೋಗಿ ದೀಪಕ್ಕೆ ಕೈ ಬಡಿಸಿಕೊಂಡು ನಕ್ಕಳು.

ಭಾವ ದಾರವನ್ನು ಹಿಡಿದುಕೊಂಡೇ ಕೇಳಿಸಿಕೊಂಡರು. ಅವರ ಕಣ್ಣು ಕಿಟಕಿಯಾಚೆಯ ಬಾಚಣಿಗೆ, ಸೀಸೆ, ಲೋಟಗಳ ಮೇಲೆ ಒಂದೊಂದಾಗಿ ಹೋಗಿ ಕೊನೆಗೆ ನನ್ನ ಮೇಲೆ ಬಂದು ನಿಂತಿತು.

"ಅಷ್ಟು ಎತ್ತರದ್ದಕ್ಕೆ ಅಡಿಪಾಯ ಎಲ್ಲಿ ತೋಡ್ತಾರಂತೆ?" ಎಂದು ಕೇಳಿದರು.

ಅಕ್ಕ ನಗುತ್ತಲೇ ನನ್ನತ್ತ ತಿರುಗಿದಳು. "ಅದನ್ನೆಲ್ಲ ಇವಳೇ ಹೇಳ್ಬೇಕು. ಹೇಳೇ ಪುಟ್ಟಿ, ಎಲ್ಲಿ ತೋಡ್ತಾರೆ?"

ನಾನು ನೆಲದ ತೂತನ್ನು ನೋಡಿದೆ. ದಾರ ಅದರೊಳಗೆ ಇಳಿದುಹೋಗಿತ್ತು.

"ಇಲ್ಲೇ," ಎಂದೆ.